ಪರದೆ ಕೊಳ್ಳುವ ಮೊದಲು ಅದರ ಹಿಂದಿನ ತಂತಿ ನೋಡಿ

ಪ್ರಶ್ನೆ: 2012ರ ಮಾದರಿಯ ಹಳೆಯ ಕಾರೊಂದನ್ನು ಕೊಂಡಿದ್ದೇನೆ. ಎಂಜಿನ್ ಚೆನ್ನಾಗಿದೆ, ಆದರೆ ಇರುವುದು ರೇಡಿಯೊ ಮತ್ತು ಸಿ.ಡಿ. ಮಾತ್ರ ನುಡಿಸುವ ಸ್ಟೀರಿಯೊ. ಅದನ್ನು ತೆಗೆಸಿ, ದಾರಿಯನ್ನೂ ತೋರಿಸುವ ದೊಡ್ಡ ಪರದೆಯ ಸ್ಟೀರಿಯೊ ಹಾಕಿಸಬೇಕೆಂದಿದ್ದೇನೆ. ಪೆಟ್ಟಿಗೆಯ ಮೇಲೆ ‘4×50 ವಾಟ್’ ಎಂದು ಬರೆದಿದೆ. ಹಳೆಯ ಸ್ಪೀಕರ್‌ಗಳು ಅದನ್ನು ತಡೆದುಕೊಳ್ಳುತ್ತವೆಯೇ? ಬೇರೇನು ನೋಡಬೇಕು?

ಉತ್ತರ: ಹಣ ಕೊಡುವ ಮೊದಲು ಹಳೆಯ ಸ್ಟೀರಿಯೊವನ್ನು ಒಮ್ಮೆ ಹೊರಗೆ ತೆಗೆಸಿ, ಅದರ ಹಿಂಭಾಗವನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ಕೈ ಬದಲಾದ ಕಾರಿನಲ್ಲಿ ಹಿಂದಿನ ಮಾಲೀಕರು ಹಾಕಿಸಿ ತೆಗೆಸಿದ ಎಲ್ಲದರ ಕುರುಹೂ ಅಲ್ಲಿ ಉಳಿದಿರುತ್ತದೆ: ಕತ್ತರಿಸಿದ ಕಪ್ಲರ್ (ತಂತಿಗಳನ್ನು ಜೋಡಿಸುವ ಪ್ಲಗ್), ಹೊಸೆದು ಟೇಪ್ ಸುತ್ತಿದ ತಂತಿಗಳು, ಎಲ್ಲಿಗೂ ಸೇರದ ತುದಿಗಳು. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಕಾಯುತ್ತದೆ, ಟೇಪಿನ ಅಂಟು ಇಳಿಯುತ್ತದೆ, ಸುತ್ತು ಬಿಚ್ಚಿಕೊಳ್ಳುತ್ತದೆ. ತೆರೆದುಕೊಂಡ ತಂತಿ ಲೋಹಕ್ಕೆ ತಗಲಿ ಫ್ಯೂಸ್ ಹೋದರೆ ಅಷ್ಟಕ್ಕೇ ಮುಗಿಯಿತು. ಆದರೆ ಯಾರೋ ಫ್ಯೂಸ್ ಇಲ್ಲದೆ ನೇರವಾಗಿ ಬ್ಯಾಟರಿಯಿಂದ ಎಳೆದ ತಂತಿಯಾದರೆ ಬೆಂಕಿಯೇ ಏಳಬಹುದು. ಇಂಥ ಗೋಜಲು ಕಂಡರೆ ಮೊದಲ ಖರ್ಚು ಅದನ್ನು ಸರಿಪಡಿಸಲು ಆಗಲಿ. ಪರದೆ ಒಂದು ತಿಂಗಳು ಕಾಯಲಿ.

ಹೊರಗಿನ ಅಂಗಡಿಯಲ್ಲಿ ಕೊಳ್ಳುವ ಸ್ಟೀರಿಯೊಗಳಲ್ಲಿ ತಂತಿಯ ಬಣ್ಣಗಳು ಬಹುಮಟ್ಟಿಗೆ ಒಂದೇ ಪದ್ಧತಿಯಲ್ಲಿರುತ್ತವೆ. ಹಳದಿ ತಂತಿಗೆ ಸದಾ ವಿದ್ಯುತ್ ಇರಬೇಕು, ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ, ಕಪ್ಪು ಅರ್ಥ್. ಆದರೆ ಕಾರು ತಯಾರಕರು ಈ ಬಣ್ಣಗಳಿಗೆ ಬದ್ಧರಲ್ಲ. ಬಣ್ಣಕ್ಕೆ ಬಣ್ಣ ಜೋಡಿಸಿದರೆ ಸಾಕೆಂದುಕೊಂಡು ಎಷ್ಟೋ ಕಾರುಗಳನ್ನು ಕೆಡಿಸಿದ್ದಾರೆ. ನಿಮ್ಮ ಮಾದರಿಗೇ ಒಪ್ಪುವ ಪರಿವರ್ತಕ ಕಪ್ಲರ್ ಸಿಗುತ್ತದೆ. ಕಂಪನಿಯ ಒಂದು ತಂತಿಯನ್ನೂ ಕತ್ತರಿಸದೆ ಕೆಲಸ ಮುಗಿಸಬಹುದು. ಕತ್ತರಿಸಲೇಬೇಕು ಎನ್ನುವವರಿಂದ ಕೆಲಸ ಮಾಡಿಸಬೇಡಿ.

ಇನ್ನು ವಾಟ್‌ನ ಮಾತು. ಎಂಜಿನ್ ಓಡುವಾಗ ಕಾರಿನಲ್ಲಿ ಇರುವುದು ಸುಮಾರು 14 ವೋಲ್ಟ್. ಸಾಮಾನ್ಯ ಸ್ಟೀರಿಯೊ ಅಷ್ಟರಿಂದ 4 ಓಮ್ ಸ್ಪೀಕರ್‌ಗೆ ಸ್ವಚ್ಛವಾಗಿ ಕೊಡಬಲ್ಲದ್ದು ಲೆಕ್ಕದಲ್ಲಿ 25 ವಾಟ್. ನಷ್ಟವನ್ನು ಕಳೆದರೆ 15ರಿಂದ 20. ಪೆಟ್ಟಿಗೆಯ ಮೇಲಿನ 50 ಕ್ಷಣಮಾತ್ರದ ಗರಿಷ್ಠ ಅಂಕಿ. ಹೋಲಿಸುವಾಗ ‘ಆರ್‌ಎಂಎಸ್’ (ನಿರಂತರವಾಗಿ ಕೊಡಬಲ್ಲ ಶಕ್ತಿ) ಎಂದು ಬರೆದ ಸಂಖ್ಯೆಯನ್ನೇ ಹಿಡಿಯಿರಿ. ಆದ್ದರಿಂದ ನಿಮ್ಮ ಸ್ಪೀಕರ್‌ಗಳಿಗೆ ಭಯವಿರುವುದು ಹೆಚ್ಚಿದ ಶಕ್ತಿಯಿಂದಲ್ಲ, ಸ್ಟೀರಿಯೊ ತನ್ನ ಮಿತಿ ಮೀರಿ ಕಿರುಚುವಾಗ ಹುಟ್ಟುವ ಒಡೆದ ಧ್ವನಿಯಿಂದ. ಮೊದಲು ಸುಡುವುದು ತಾರ ಸ್ವರಗಳನ್ನು ನುಡಿಸುವ ಪುಟ್ಟ ಸ್ಪೀಕರ್, ಅಂದರೆ ಟ್ವೀಟರ್.

ನನ್ನನ್ನು ಕೇಳಿದರೆ, ಹಣ ಒಂದಕ್ಕೆ ಮಾತ್ರ ಸಾಕಾಗುವಂತಿದ್ದರೆ ಮುಂದಿನ ಬಾಗಿಲುಗಳ ಎರಡು ಸ್ಪೀಕರ್‌ಗಳನ್ನು ಬದಲಿಸಿ. ಇಷ್ಟು ವರ್ಷಗಳಲ್ಲಿ ಕಾಗದದ ಕೋನ್ ಸಡಿಲವಾಗಿರುತ್ತದೆ, ಅಂಚಿನ ಫೋಮ್ ಪುಡಿಯಾಗಿರಬಹುದು. ಹೊಸ ಸ್ಟೀರಿಯೊ ಅದಕ್ಕೆ ಜೀವ ತುಂಬಲಾರದು. ಸ್ಪೀಕರ್ ಆರಿಸುವಾಗ ವ್ಯಾಸವನ್ನಷ್ಟೇ ನೋಡಿದರೆ ಸಾಲದು, ಆಳವನ್ನೂ ಅಳೆಯಿರಿ. ಕಿಟಕಿಯ ಗಾಜು ಪೂರ್ತಿ ಕೆಳಗಿಳಿದಾಗ ಸ್ಪೀಕರಿನ ಅಯಸ್ಕಾಂತಕ್ಕೆ ತಗಲಬಾರದು. ಬಾಗಿಲನ್ನು ಬಿಚ್ಚಿದಾಗಲೇ ಒಳಗಿನ ತಗಡಿಗೆ ನಡುಕ ತಡೆಯುವ ಡ್ಯಾಂಪಿಂಗ್ ಹಾಳೆ ಅಂಟಿಸಿ, ತೂತುಗಳನ್ನು ಮುಚ್ಚಿಸಿ. ನೀರು ಹೊರಹೋಗುವ ಕೆಳಗಿನ ರಂಧ್ರಗಳನ್ನು ಮಾತ್ರ ಮುಟ್ಟಬೇಡಿ. ಬಾಗಿಲೇ ಸ್ಪೀಕರಿನ ಪೆಟ್ಟಿಗೆ, ಅದು ನಡುಗಿದರೆ ತಬಲದ ಬಾಯಾ ಕೂಡ ಡಬ್ಬದ ಸದ್ದಾಗುತ್ತದೆ. ಈ ಒಂದು ಕೆಲಸದಿಂದ ಬರುವ ಬದಲಾವಣೆಯನ್ನು ಕೇಳಿ ಬೆರಗಾದವರನ್ನು ನಾನು ಬಹಳ ಸಲ ನೋಡಿದ್ದೇನೆ.

ಪರದೆಯ ಅಳತೆಯ ಬಗ್ಗೆ: ಸ್ಟೀರಿಯೊ ಕೂರುವ ಗೂಡಿಗೆ ‘ಡಿನ್’ ಎಂಬ ಗೊತ್ತಾದ ಅಳತೆಯಿದೆ. ಒಂಟಿ ಡಿನ್ ಗೂಡು 180×50 ಮಿಲಿಮೀಟರ್, ಜೋಡಿ ಡಿನ್ 180×100. ಅದಕ್ಕಿಂತ ದೊಡ್ಡದು ಬೇಕಾದರೆ ನಿಮ್ಮ ಮಾದರಿಯ ಫ್ರೇಮ್ ಬೇಕು. ಆ ಪರದೆ ಅಪಾಯ ದೀಪದ ಗುಂಡಿಯನ್ನೋ ಎ.ಸಿ. ಗಾಳಿಕಿಂಡಿಯನ್ನೋ ಮುಚ್ಚಬಾರದು. ಸ್ಟಿಯರಿಂಗ್ ಮೇಲೆ ಗುಂಡಿಗಳಿದ್ದರೆ ಅವು ಹೊಸ ಸ್ಟೀರಿಯೊದೊಂದಿಗೂ ನಡೆಯುತ್ತವೆಯೇ ಎಂದು ಕೇಳಿ. ಕೆಲವು ಕಾರುಗಳಲ್ಲಿ ಅದಕ್ಕೆ ಗುಂಡಿಗಳ ಸಂಕೇತವನ್ನು ಸ್ಟೀರಿಯೊಗೆ ತಿಳಿಯುವಂತೆ ಮಾಡುವ ಕ್ಯಾನ್ ಬಸ್ ಪೆಟ್ಟಿಗೆ ಬೇಕಾಗುತ್ತದೆ. ದಾರಿ ತೋರಿಸಲು, ಮೊಬೈಲನ್ನು ಪರದೆಗೆ ಸೇರಿಸುವ ಆಂಡ್ರಾಯ್ಡ್ ಆಟೊ ಅಥವಾ ಆಪಲ್ ಕಾರ್‌ಪ್ಲೇ ಇರುವುದನ್ನೇ ಆರಿಸಿ. ಇವು ಬಂದದ್ದು 2015 ಮತ್ತು 2014ರಲ್ಲಿ, ನಿಮ್ಮ ಕಾರಿಗಿಂತ ಈಚೆಗೆ. ನಕ್ಷೆ ಮೊಬೈಲಿನಿಂದ ಬರುವುದರಿಂದ ಹೊಸ ರಸ್ತೆಗಳು ತಾವಾಗಿಯೇ ಸೇರುತ್ತವೆ, ಸ್ಟೀರಿಯೊದೊಳಗೆ ತುಂಬಿಟ್ಟ ನಕ್ಷೆಯಂತೆ ಹಳತಾಗುವುದಿಲ್ಲ. ತೆಗೆದ ಹಳೆಯ ಸ್ಟೀರಿಯೊವನ್ನು ತಿರುಪುಗಳ ಸಮೇತ ಎತ್ತಿಡಿ. ಮುಂದೆ ಕಾರು ಮಾರುವಾಗ ಬೇಕಾಗುತ್ತದೆ.

ಪ್ರಶ್ನೆ: ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದಂದಿನಿಂದ ಕಾರು ಮೂರು ದಿನ ನಿಂತರೆ ಸ್ಟಾರ್ಟ್ ಆಗುವುದಿಲ್ಲ. ಅದರದೇ ನಕ್ಷೆಯಲ್ಲಿ ನನ್ನ ಕಾರು ಪಕ್ಕದ ಬೀದಿಯಲ್ಲಿ ಓಡುತ್ತಿರುತ್ತದೆ. ಬ್ಯಾಟರಿ ಬದಲಿಸಬೇಕೇ?

ಉತ್ತರ: ಈಗಲೇ ಬೇಡ. ಕಾರಿಗೆ ಬೀಗ ಹಾಕಿ ಅರ್ಧ ಗಂಟೆ ಬಿಟ್ಟ ಮೇಲೆ ಬ್ಯಾಟರಿಯಿಂದ ಎಷ್ಟು ಕರೆಂಟ್ ಹೋಗುತ್ತಿದೆ ಎಂದು ಮಲ್ಟಿಮೀಟರ್‌ನಲ್ಲಿ ಅಳೆಸಿ. ಸಾಮಾನ್ಯವಾಗಿ ಅದು 50 ಮಿಲಿ ಆಂಪಿಯರ್‌ನ ಒಳಗಿರಬೇಕು. ಸ್ಟೀರಿಯೊ ಪೂರ್ತಿ ಮಲಗದೆ 500 ಎಳೆಯುತ್ತಿದ್ದರೆ ದಿನಕ್ಕೆ 12 ಆಂಪಿಯರ್-ಗಂಟೆ, ಮೂರು ದಿನಕ್ಕೆ 36. ಕಾರಿನ 45 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಆಮೇಲೆ ಎಂಜಿನ್ ತಿರುಗಿಸುವ ಶಕ್ತಿ ಎಲ್ಲಿ ಉಳಿಯುತ್ತದೆ? ಸ್ಟೀರಿಯೊದ ಫ್ಯೂಸ್ ಕಿತ್ತಾಗ ಮೀಟರಿನ ಅಂಕಿ ಇಳಿದರೆ ತಪ್ಪು ಅಲ್ಲೇ ಇದೆ. ಕೆಂಪು ತಂತಿಯನ್ನು ಸದಾ ವಿದ್ಯುತ್ ಇರುವ ಕಡೆ ಸೇರಿಸಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಮೀಟರ್ ಜೋಡಿಸಿದ್ದಾಗ ಎಂಜಿನ್ ಚಾಲೂ ಮಾಡಬೇಡಿ, ಮೀಟರ್ ಸುಡುತ್ತದೆ.

ನಕ್ಷೆಯ ದೋಷಕ್ಕೆ ಬಹುಶಃ ಜಿಪಿಎಸ್ ಆಂಟೆನಾ ಕಾರಣ. ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಆ ಕಪ್ಪು ತುಂಡನ್ನು ಅವಸರದಲ್ಲಿ ಸ್ಟೀರಿಯೊದ ಹಿಂದೆ ತುರುಕಿರುತ್ತಾರೆ. ಅದಕ್ಕೆ ಆಕಾಶ ಕಾಣಬೇಕು. ಮುಂಗಾಜಿನ ಕೆಳಗೆ, ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿ ನೋಡಿ. ಗಾಜಿಗೆ ಲೋಹದ ಅಂಶವಿರುವ ಫಿಲ್ಮ್ ಹಾಕಿಸಿದ್ದರೆ ಅದೂ ಸಂಕೇತವನ್ನು ತಡೆಯುತ್ತದೆ.

ಪ್ರಶ್ನೆ: ಓಡಿಸುವಾಗಲೂ ವಿಡಿಯೊ ಕಾಣುವಂತೆ ಹ್ಯಾಂಡ್‌ಬ್ರೇಕ್ ತಂತಿಯನ್ನು ಅರ್ಥ್‌ಗೆ ಸೇರಿಸುತ್ತೇನೆ ಎನ್ನುತ್ತಾರೆ ಅಂಗಡಿಯವರು. ಸೇರಿಸಲೇ?

ಉತ್ತರ: ಬೇಡ. ಹ್ಯಾಂಡ್‌ಬ್ರೇಕ್ ಹಾಕಿ ಕಾರು ನಿಂತಾಗ ಮಾತ್ರ ವಿಡಿಯೊ ಕಾಣಲೆಂದೇ ಆ ತಂತಿ ಇರುವುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಪರದೆ ನೋಡಿದರೆ ಕಾರು 33 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟು ದೂರದಲ್ಲಿ ಒಂದು ಮಗು ರಸ್ತೆ ದಾಟಬಹುದು. ಆ ತಂತಿಯನ್ನು ಹ್ಯಾಂಡ್‌ಬ್ರೇಕಿನ ಸ್ವಿಚ್‌ಗೇ ಸೇರಿಸಿ ಎಂದು ಹೇಳಿ, ಸೇರಿಸುವವರೆಗೆ ಪಕ್ಕದಲ್ಲೇ ನಿಂತಿರಿ.