ಗ್ರಾಹಕರ ಪರ ನಿಂತವನು ಸಿರಿವಂತನಾಗಬಾರದೆ?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಗ್ರಾಹಕರಿಗೆ ಹಣ ಉಳಿಸುವ ದಾರಿ ತೋರಿಸುವ ಜಾಲತಾಣ ಕಟ್ಟಿದ ಬ್ರಿಟನ್ನಿನ ಪತ್ರಕರ್ತ ಮಾರ್ಟಿನ್ ಲೂಯಿಸ್ ಅವರ ಪುಟ್ಟ ಪರಿಚಯ ಓದಿ ಶಿವಮೊಗ್ಗದಿಂದ ನೀವು ಬರೆದ ಪತ್ರದಲ್ಲಿ ಎರಡು ಆಕ್ಷೇಪಗಳಿವೆ. ಗ್ರಾಹಕರ ಪರ ಹೋರಾಡುವೆನೆಂದು ಹೊರಟವರು ತಮ್ಮ ಜಾಲತಾಣವನ್ನು ಕೋಟಿಗಟ್ಟಲೆ ಪೌಂಡಿಗೆ ಮಾರಿಕೊಂಡ ಮೇಲೆ ಅದು ಶುದ್ಧ ದಲ್ಲಾಳಿ ವ್ಯಾಪಾರವಲ್ಲವೆ ಎಂಬುದು ಮೊದಲನೆಯದು. ಇಂಥವರನ್ನು ಮೆಚ್ಚಲು ಲಂಡನ್ನಿನವರೆಗೆ ಹೋಗಬೇಕಿತ್ತೆ ಎಂಬುದು ಇನ್ನೊಂದು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು ನೀವು. ಲೇವಾದೇವಿಯ ಒಳಸುಳಿ ತಿಳಿಯದೆ ಹೀಗೆ ಬರೆದಿರಲಾರಿರಿ.

ಮೊದಲನೆಯದಕ್ಕೆ ಉತ್ತರ: ಹೌದು, ಅವರ ಆದಾಯ ದಲ್ಲಾಳಿಯ ಆದಾಯವೇ. 2003ರ ಫೆಬ್ರುವರಿಯಲ್ಲಿ ಮನಿ ಸೇವಿಂಗ್ ಎಕ್ಸ್‌ಪರ್ಟ್ ಎಂಬ ತಾಣವನ್ನು ತೆರೆದಾಗ ಆದ ಖರ್ಚು ನೂರು ಪೌಂಡನ್ನು ದಾಟಿರಲಿಲ್ಲ. ಅದನ್ನು ವಿನ್ಯಾಸ ಮಾಡಿಕೊಟ್ಟಾತ ದೂರದ ಉಜ್ಬೇಕಿಸ್ತಾನದಲ್ಲಿದ್ದ. (ಉಳಿತಾಯದ ಪಾಠ ಹೇಳಲು ಹೊರಟವರು ಇಷ್ಟಾದರೂ ಮಾಡಬೇಡವೆ!) ಅಲ್ಲಿನ ಬರಹ ಓದಿ ಯಾರಾದರೂ ಕ್ರೆಡಿಟ್ ಕಾರ್ಡ್ ಪಡೆದರೆ, ವಿದ್ಯುತ್ ಕಂಪನಿ ಬದಲಿಸಿದರೆ ತಾಣಕ್ಕೆ ಕಮಿಷನ್ ಬರುತ್ತದೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನೋಡಿ. ಯಾವ ಸೇವೆ ಒಳ್ಳೆಯದೆಂದು ಬರೆಯುವವರು ಮೊದಲು ನಿರ್ಧರಿಸುತ್ತಾರೆ. ಅದಕ್ಕೆ ಕಮಿಷನ್ ಕೊಡುವ ಕೊಂಡಿ ಇದೆಯೇ ಎಂದು ಹುಡುಕುವುದು ಆಮೇಲೆ. ಸಿಗದಿದ್ದರೂ ಶಿಫಾರಸು ಅಳಿಯುವುದಿಲ್ಲ. ಹಣ ತರುವ ಕೊಂಡಿಗೆ ನಕ್ಷತ್ರದ ಗುರುತು ಹಾಕಿರುತ್ತಾರೆ. ನಮ್ಮಲ್ಲಿ ಮನೆಗೆ ಬಂದು ವಿಮೆ ಮಾಡಿಸುವ ಪರಿಚಯಸ್ಥರು ಯಾವ ಪಾಲಿಸಿಯಿಂದ ತಮಗೆಷ್ಟು ಗಿಟ್ಟುತ್ತದೆ ಎಂದು ತಾವಾಗಿ ಹೇಳಿದ್ದನ್ನು ನಾನಂತೂ ಕೇಳಿಲ್ಲ.

2012ರಲ್ಲಿ ಅವರು ತಾಣವನ್ನು ಗರಿಷ್ಠ 8.7 ಕೋಟಿ ಪೌಂಡ್‌ ಬೆಲೆಗೆ ಮನಿಸೂಪರ್‌ಮಾರ್ಕೆಟ್ ಎಂಬ ಕಂಪನಿಗೆ ಮಾರಿದರು. ಬೆಲೆ ಹೋಲಿಸಿ ತೋರಿಸಿ ಕಮಿಷನ್ ಪಡೆಯುವುದೇ ಆ ಕಂಪನಿಯ ಕಸುಬು. ಇಲ್ಲಿ ನಿಮ್ಮ ಸಂಶಯಕ್ಕೆ ಬೆಲೆಯಿದೆ. ಒಂದು ಕೋಟಿ ಪೌಂಡನ್ನು ದಾನಕ್ಕೆ ತೆಗೆದಿಟ್ಟರು, ಸಂಪಾದಕೀಯ ಸ್ವಾತಂತ್ರ್ಯವನ್ನು ಮಾರಾಟದ ಕರಾರಿನಲ್ಲೇ ಬರೆಸಿಕೊಂಡರು, ನಿಜ. ಆದರೂ ಒಡೆಯ ಬದಲಾದ ಮೇಲೆ ಕರಾರಿನ ಕಾಗದ ಎಷ್ಟು ಕಾಲ ಕಾಯುತ್ತದೆ ಎಂಬ ಅನುಮಾನ ಪತ್ರಿಕೆ ನಡೆಸುವ ನನಗೂ ಇದೆ. ಅಲ್ಲಿ ಈವರೆಗೆ ಕಾದದ್ದು ಕಾಗದಕ್ಕಿಂತ ಹೆಚ್ಚಾಗಿ ಒಬ್ಬ ವ್ಯಕ್ತಿಯ ಹೆಸರು. ಅದು ಆ ಸಂಸ್ಥೆಯ ದೌರ್ಬಲ್ಯವೂ ಹೌದು.

ಆದರೆ ಅವರನ್ನು ನಾವು ಹೊಗಳಿದ್ದು ಅಗ್ಗದ ಕಾರ್ಡು ಹುಡುಕಿಕೊಟ್ಟರೆಂದಲ್ಲ. ಅವರ ದೊಡ್ಡ ಕೆಲಸ ಒಂದು ಮಾದರಿ ಪತ್ರ. ಖಾತೆಯಲ್ಲಿ ಹಣ ಸಾಲದೆ ಪಾವತಿ ತಪ್ಪಿದರೆ ಬ್ರಿಟಿಷ್ ಬ್ಯಾಂಕುಗಳು ಪ್ರತಿ ಸಲಕ್ಕೂ ಮೂವತ್ತು ಪೌಂಡಿಗೂ ಮಿಕ್ಕಿ ದಂಡ ಹಾಕುತ್ತಿದ್ದ ಕಾಲವದು. ಬಡವನ ಖಾತೆ ಬರಿದಾದಷ್ಟೂ ಬ್ಯಾಂಕಿಗೆ ಲಾಭ. ಆ ದಂಡವನ್ನು ಮರಳಿ ಕೇಳುವ ಪತ್ರವನ್ನು ಲೂಯಿಸ್ ಬರೆದು ತಾಣದಲ್ಲಿಟ್ಟರು. ಹೆಸರು, ಖಾತೆ ಸಂಖ್ಯೆ, ಮೊತ್ತ ತುಂಬಿ ಕಳಿಸಿದರಾಯಿತು. ಲಕ್ಷಾಂತರ ಜನ ಇಳಿಸಿಕೊಂಡರು. ಸಣ್ಣ ಮೊತ್ತದ ವ್ಯಾಜ್ಯಗಳ ನ್ಯಾಯಾಲಯಗಳಿಗೆ ಹೋದ ಎಷ್ಟೋ ಪ್ರಕರಣಗಳಲ್ಲಿ ಬ್ಯಾಂಕುಗಳು ವಾದಿಸಲೂ ಬಾರದೆ ಹಣ ಕೊಟ್ಟು ಕೈತೊಳೆದುಕೊಂಡವು. ಆದರೆ 2009ರ ನವೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬ್ಯಾಂಕುಗಳ ಪರ ತೀರ್ಪಿತ್ತಿತು. ಗ್ರಾಹಕರು ಸೋತರು. ಪರಿಚಯ ಲೇಖನದಲ್ಲಿ ಈ ಸೋಲಿಗೆ ಜಾಗ ಸಿಕ್ಕಿರಲಿಲ್ಲ.

ಸೋತ ಪಟ್ಟು ಮುಂದಿನ ಕುಸ್ತಿಗೆ ಒದಗಿತು. ಸಾಲದ ಜೊತೆ, ಕೇಳದವರಿಗೂ ಅಂಟಿಸಿ ಮಾರಿದ ಪಾವತಿ ರಕ್ಷಣಾ ವಿಮೆಯ (ಕೆಲಸ ಹೋದರೆ, ಕಾಯಿಲೆ ಬಿದ್ದರೆ ಸಾಲದ ಕಂತು ಕಟ್ಟಿಕೊಡುವ ವಿಮೆ) ಹಗರಣ ನಿಮಗೆ ತಿಳಿದೇ ಇರುತ್ತದೆ. ಸ್ವಂತ ಉದ್ಯೋಗದವರಿಗೆ ಪರಿಹಾರವೇ ಸಿಗದಂಥ ಪಾಲಿಸಿಗಳನ್ನು ಅವರಿಗೇ ಮಾರಿದ್ದರು. 2011ರಲ್ಲಿ ಈ ವಿಮೆಯ ದೂರುಗಳ ಕುರಿತ ಮೊಕದ್ದಮೆಯಲ್ಲಿ ಬ್ಯಾಂಕುಗಳ ಸಂಘ ಹೈಕೋರ್ಟಿನಲ್ಲಿ ಸೋತಿತು. ಆಗ ಹುಟ್ಟಿಕೊಂಡವು ನೋಡಿ, ‘ನಿಮ್ಮ ಹಣ ನಾವು ಕೊಡಿಸುತ್ತೇವೆ’ ಎನ್ನುವ ಏಜೆನ್ಸಿಗಳು! ಬಂದ ಹಣದಲ್ಲಿ ಕಾಲು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ಅವರ ಪಾಲು. ಅದೇ ಕೆಲಸಕ್ಕೆ ಲೂಯಿಸ್ ಅವರ ಮಾದರಿ ಪತ್ರ ಪುಕ್ಕಟೆ. 2019ರ ಆಗಸ್ಟ್ 29ಕ್ಕೆ ಅರ್ಜಿಯ ಗಡುವು ಮುಗಿಯಿತು; ಬ್ಯಾಂಕುಗಳು ಒಟ್ಟಾರೆ ಮರಳಿಸಿದ್ದು 3,800 ಕೋಟಿ ಪೌಂಡಿಗೂ ಹೆಚ್ಚು. ಅದೆಲ್ಲವೂ ಒಬ್ಬರ ಸಾಧನೆಯೆಂದು ನಾನು ಹೇಳಲಾರೆ. ನಿಯಂತ್ರಣ ಸಂಸ್ಥೆಯೂ ನ್ಯಾಯಾಲಯವೂ ಇಲ್ಲದೆ ಅದು ಆಗುತ್ತಿರಲಿಲ್ಲ. ಆದರೆ ದಲ್ಲಾಳಿ ಎಂದು ನೀವು ಕರೆದ ವ್ಯಕ್ತಿ ಇಲ್ಲಿ ದಲ್ಲಾಳಿಯ ಪಾಲನ್ನೇ ತಪ್ಪಿಸುತ್ತಿದ್ದರು.

ಇನ್ನೊಂದು ಪ್ರಸಂಗ ನಮಗೂ ಹತ್ತಿರದ್ದು. ಲೂಯಿಸ್ ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಆದರೂ ಅವರ ಮುಖ ಹೊತ್ತ ಮೋಸದ ಹೂಡಿಕೆ ಜಾಹೀರಾತುಗಳು ಫೇಸ್‌ಬುಕ್ಕಿನಲ್ಲಿ ಹರಿದಾಡಿ, ಅವರನ್ನು ನಂಬಿದ್ದವರೇ ಹಣ ಕಳೆದುಕೊಂಡರು. 2018ರಲ್ಲಿ ಅವರು ಮಾನನಷ್ಟ ಮೊಕದ್ದಮೆ ಹೂಡಿದರು. ಮರುವರ್ಷ ಅದನ್ನು ಹಿಂತೆಗೆದುಕೊಂಡದ್ದು, ವಂಚನೆ ತಡೆಯುವ ಯೋಜನೆಗೆ ಫೇಸ್‌ಬುಕ್ 30 ಲಕ್ಷ ಪೌಂಡ್ ನೆರವು ಕೊಡಲು, ಅಂಥ ಜಾಹೀರಾತಿನ ಮೇಲೆ ದೂರು ಕೊಡಲು ಒತ್ತುವ ಗುಂಡಿಯನ್ನು ಬ್ರಿಟನ್ನಿನಲ್ಲಿ ತರಲು ಒಪ್ಪಿದ ಮೇಲೆ. ತಮಗಾಗಿ ಅವರು ಪರಿಹಾರವೆಂದು ಏನನ್ನೂ ಪಡೆಯಲಿಲ್ಲ. 2023ರ ಡಿಸೆಂಬರಿನಲ್ಲಿ ನಮ್ಮ ನಾರಾಯಣ ಮೂರ್ತಿಯವರೂ ತಮ್ಮ ಮುಖ, ದನಿಗಳ ನಕಲಿ ವಿಡಿಯೊಗಳನ್ನು ನಂಬಬೇಡಿ ಎಂದು ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ದಾರಿತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೆ ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಲ್ಲದು. ಕದ್ದ ಮುಖಕ್ಕೆ ಏನು ಮಾಡಬೇಕು? ಆ ಜಾಹೀರಾತಿನಿಂದ ಹಣ ಪಡೆದ ವೇದಿಕೆಯೇ ಹೊಣೆ ಹೊರಬೇಕು ಎಂಬುದು ಲೂಯಿಸ್ ಅವರ ಪಟ್ಟು. ನನ್ನದೂ ಅದೇ.

ನಮ್ಮವರ ವಿಷಯಕ್ಕೆ ಬರುತ್ತೇನೆ. ಬೆಳಗಾವಿಯಲ್ಲಿ ಶಾಲೆ ಕಲಿತು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದ ಪತ್ರಕರ್ತೆ ಸುಚೇತಾ ದಲಾಲ್ 1992ರಲ್ಲಿ ಹರ್ಷದ್ ಮೆಹ್ತಾನ ಷೇರು ಹಗರಣವನ್ನು ಬಯಲಿಗೆಳೆದದ್ದು ಎಲ್ಲರಿಗೂ ಗೊತ್ತು. ಅವರು ದೇಬಾಶಿಸ್ ಬಸು ಅವರೊಡನೆ 2006ರಲ್ಲಿ ಮನಿಲೈಫ್ ಪತ್ರಿಕೆ ಕಟ್ಟಿದ್ದು, 2010ರಲ್ಲಿ ಉಳಿತಾಯದಾರರಿಗಾಗಿ ಪ್ರತಿಷ್ಠಾನ ತೆರೆದದ್ದು ಅಷ್ಟು ಜನರಿಗೆ ಗೊತ್ತಿಲ್ಲ. ಉದ್ಯಮವೂ ಗ್ರಾಹಕರ ಪರ ಹೋರಾಟವೂ ಒಂದೇ ಕೈಯಲ್ಲಿ ನಡೆದದ್ದಕ್ಕೆ ಅದು ನಮ್ಮದೇ ಉದಾಹರಣೆ. ಅವರ ಬಗ್ಗೆ ಬರೆಯದೆ ಲಂಡನ್ನಿಗೆ ಹಾರಿದೆವೆಂಬ ನಿಮ್ಮ ದೂರನ್ನು ಒಪ್ಪಿಕೊಂಡು ಲೇಖನಕ್ಕೆ ಹೇಳಿಟ್ಟಿದ್ದೇನೆ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ. ಬ್ಯಾಂಕಿನ ಮೇಲೆ ದೂರಿದ್ದರೆ ಮೊದಲು ಬ್ಯಾಂಕಿಗೇ ಬರೆದು, 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿಗೆ) ಹೋಗಬಹುದು, ಅದೂ ಉಚಿತ. ಜನ ಹಿಂಜರಿಯುವುದು ಆ ಮೊದಲ ಕಾಗದಕ್ಕೆ: ಏನೆಂದು ಬರೆಯಬೇಕು, ಯಾರ ಹೆಸರಿಗೆ, ಯಾವ ದಾಖಲೆ ಲಗತ್ತಿಸಬೇಕು?

ಕೇಳದೆ ಕತ್ತರಿಸಿದ ಶುಲ್ಕವನ್ನು ಬ್ಯಾಂಕಿನಿಂದ ಮರಳಿ ಕೇಳುವ ಕನ್ನಡದ ಮಾದರಿ ಪತ್ರವೊಂದನ್ನು ಮುಂದಿನ ಸಂಚಿಕೆಯಲ್ಲಿ, ಓದುಗರು ಕತ್ತರಿಸಿ ಬಳಸುವಂತೆ ಅಚ್ಚುಮಾಡುತ್ತೇವೆ. ಅಂಥ ಪತ್ರಗಳನ್ನು ಮೇಜಿನ ಆ ಬದಿಯಲ್ಲಿ ಕುಳಿತು ಓದಿದವರು ನೀವು. ಕರಡನ್ನು ಈ ಉತ್ತರದ ಜೊತೆಗೇ ಅಂಚೆಯಲ್ಲಿ ಕಳಿಸಿದ್ದೇನೆ. ಶಾಖೆಯ ಮ್ಯಾನೇಜರರು ಸುಲಭವಾಗಿ ಬದಿಗಿಡಬಹುದಾದ ಸಾಲು ಯಾವುದಿದೆಯೋ ಅದನ್ನು ಹೊಡೆದು ತಿದ್ದಿಕೊಡಿ.

ಸಂಪಾದಕ