ಎರಡೂ ಗಂಡು ಗೊರಿಲ್ಲಾ, ಮರಿ ಎಲ್ಲಿಂದ ಬರಬೇಕು?

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಮೊಮ್ಮಗನನ್ನು ಮೈಸೂರಿನ ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಜರ್ಮನಿಯಿಂದ ಬಂದ ಗೊರಿಲ್ಲಾಗಳು ಎರಡೂ ಗಂಡು ಎಂದು ತಿಳಿಯಿತು. ಹೆಣ್ಣೇ ಇಲ್ಲದ ಮೇಲೆ ಇದು ಸಂರಕ್ಷಣೆ ಹೇಗಾಗುತ್ತದೆ? ಮಹಾರಾಜರ ಕಾಲದಲ್ಲಿ ಶೋಕಿಗೆ ಪ್ರಾಣಿ ಸಾಕುತ್ತಿದ್ದರು, ಈಗಲೂ ಅಷ್ಟೇ ತಾನೇ?
– ನಿವೃತ್ತ ಶಿಕ್ಷಕರು, ಮದ್ದೂರು

ಉತ್ತರ: ಮೇಷ್ಟ್ರೇ, ನಿಮ್ಮ ಅನುಮಾನದಲ್ಲಿ ಅರ್ಧ ನಿಜವಿದೆ. 1892ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರು ಹತ್ತು ಎಕರೆಯಲ್ಲಿ ಆರಂಭಿಸಿದ್ದು ಅರಮನೆಯ ಸಂಗ್ರಹವನ್ನೇ. ಜನರಿಗೆ ಬಾಗಿಲು ತೆರೆದದ್ದು 1902ರಲ್ಲಿ, ಒಡೆಯರ ಹೆಸರಿಟ್ಟದ್ದು 1909ರಲ್ಲಿ. ಆ ಕಾಲದಲ್ಲಿ ಲೋಕದ ಯಾವ ಮೃಗಾಲಯದಲ್ಲೇ ಆಗಲಿ, ಒಂದು ಪ್ರಾಣಿ ಸತ್ತರೆ ಕಾಡಿನಿಂದ ಇನ್ನೊಂದನ್ನು ಹಿಡಿದು ತರಿಸಿದರಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಆ ದಾರಿ ಮುಚ್ಚಿತು. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂದ ಮೇಲಂತೂ ಅದರ ಮಾನ್ಯತೆ ಇಲ್ಲದೆ ಮೃಗಾಲಯ ನಡೆಸುವಂತಿಲ್ಲ.

ಈಗ ಗೊರಿಲ್ಲಾ ವಿಚಾರ. ಮೈಸೂರಿಗೆ 1995ರಲ್ಲಿ ಡಬ್ಲಿನ್‌ನಿಂದ ಬಂದ ಪೋಲೋ ಎಂಬ ಗಂಡು ನಿಮಗೆ ನೆನಪಿರಬಹುದು. ವರ್ಷಗಟ್ಟಲೆ ಒಂಟಿಯಾಗಿದ್ದು 2014ರಲ್ಲಿ ತೀರಿಕೊಂಡ. ಗುಂಪಿನಲ್ಲಿ ಬಾಳುವ ಪ್ರಾಣಿಗೆ ಅದು ಬಾಳಲ್ಲ; ಅವನನ್ನು ನೋಡಿ ಬಂದ ದಿನ ನನಗಂತೂ ಖುಷಿಯಾಗುತ್ತಿರಲಿಲ್ಲ. 2021ರಲ್ಲಿ ಬಂದ ಥಾಬೋ ಮತ್ತು ಡೆಂಬಾ ಇಬ್ಬರು, ಅದೇ ದೊಡ್ಡ ವ್ಯತ್ಯಾಸ.

ಎರಡೂ ಗಂಡೇ ಏಕೆ? ಗೊರಿಲ್ಲಾ ಸಂಸಾರದಲ್ಲಿ ಸಾಮಾನ್ಯವಾಗಿ ಬೆನ್ನು ಬೆಳ್ಳಗಾದ ಒಬ್ಬ ಯಜಮಾನ, ಹಲವು ಹೆಣ್ಣು. ಆದರೆ ಹುಟ್ಟುವುದು ಗಂಡು ಹೆಣ್ಣು ಹೆಚ್ಚುಕಡಿಮೆ ಸಮಸಮವಾಗಿ. ಬೆಳೆದ ಗಂಡು ಮಕ್ಕಳು ಮನೆ ಬಿಟ್ಟು ಹೊರಡಲೇಬೇಕು. ಕಾಡಿನಲ್ಲಾದರೆ ಕೆಲವರು ಒಂಟಿಯಾಗಿ ಅಲೆಯುತ್ತಾರೆ, ಕೆಲವರು ಜೊತೆಗೂಡಿ ಇರುತ್ತಾರೆ. ಮೃಗಾಲಯದಲ್ಲಿ ಎಲ್ಲಿಗೆ ಹೋಗಬೇಕು? ಅದಕ್ಕಾಗಿಯೇ ಯೂರೋಪಿನ ಮೃಗಾಲಯಗಳು ಕೂಡಿ ನಡೆಸುವ ಸಂತಾನಾಭಿವೃದ್ಧಿ ಯೋಜನೆಯಲ್ಲಿ ಗಂಡುಗಳದ್ದೇ ಗುಂಪುಗಳಿಗೆ ಜಾಗ ಹುಡುಕುತ್ತಾರೆ. ಮರಿ ಹಾಕಿಸುವವರಿಗೆ ಚಪ್ಪಾಳೆ ಸಿಗುತ್ತದೆ. ಬೆಳೆದ ಗಂಡುಗಳಿಗೆ ಮನೆ ಕೊಡುವವರನ್ನು ನಿಮ್ಮಂತೆ ಪ್ರಶ್ನೆ ಕೇಳುತ್ತಾರೆ. ಕೆಲಸ ಮಾತ್ರ ಎರಡೂ ಒಂದೇ.

ಸಂತಾನಾಭಿವೃದ್ಧಿ ಎಂದರೆ ಸಿಕ್ಕ ಗಂಡು ಹೆಣ್ಣನ್ನು ಒಂದೆಡೆ ಬಿಡುವುದಲ್ಲ. ಯಾವುದಕ್ಕೆ ಯಾವುದು ಅಪ್ಪ, ಅಜ್ಜ ಎಂದು ವಂಶಾವಳಿ ಬರೆದಿಟ್ಟು ಜೋಡಿ ಗೊತ್ತುಮಾಡುತ್ತಾರೆ. ಅಕ್ಕನ ಮಗಳನ್ನೇ ತಂದುಕೊಳ್ಳುವ ನಮ್ಮ ಕಡೆಯ ವಾಡಿಕೆ ಅಲ್ಲಿ ನಡೆಯದು. ಮೃಗಾಲಯಗಳ ನಡುವೆ ಪ್ರಾಣಿ ವಿನಿಮಯ ನಡೆಯುವುದು ಬಹುಪಾಲು ಹೊಸ ರಕ್ತಕ್ಕಾಗಿಯೇ.

ನೀವು ನೋಡದ ಇನ್ನೊಂದು ಜಾಗವಿದೆ, ಮೈಸೂರಿನ ಹೊರವಲಯದ ಕೂರ್ಗಳ್ಳಿಯಲ್ಲಿ ಮೃಗಾಲಯದವರೇ ನಡೆಸುವ ಪ್ರಾಣಿ ಪುನರ್ವಸತಿ ಕೇಂದ್ರ. ಕಾಟಿಗಳ ಸಂತಾನಾಭಿವೃದ್ಧಿ ಅಲ್ಲಿ ಪ್ರವಾಸಿಗರ ಗದ್ದಲವಿಲ್ಲದೆ ನಡೆಯುತ್ತದೆ. ಬಂಡೀಪುರ, ನಾಗರಹೊಳೆಯ ಅಂಚಿನಲ್ಲಿ ಸೆರೆಸಿಕ್ಕ ಹುಲಿಯನ್ನು ಕೂರ್ಗಳ್ಳಿಗೆ ಸಾಗಿಸಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿರುತ್ತೀರಿ. ಇಂಥವುಗಳಲ್ಲಿ ಎಷ್ಟೋ ಮುದಿಯಾದವು, ಗಾಯಗೊಂಡವು, ಬಲಿಷ್ಠ ಹುಲಿಗೆ ಸೋತು ನೆಲೆ ಕಳೆದುಕೊಂಡವು. ಕಾಡಿಗೆ ಬಿಟ್ಟರೆ ಮತ್ತೆ ದನದ ಕೊಟ್ಟಿಗೆಗೇ ಬರುತ್ತವೆ. ಇವುಗಳಿಂದ ಮರಿಯೂ ಇಲ್ಲ, ಟಿಕೆಟ್ ಹಣವೂ ಇಲ್ಲ. ಆದರೂ ಸಾಯುವ ತನಕ ಮಾಂಸ, ಔಷಧ ಒದಗಿಸಲೇಬೇಕು. ಶೋಕಿಗೆ ಯಾರೂ ಈ ಖರ್ಚು ಮೈಮೇಲೆ ಹಾಕಿಕೊಳ್ಳುವುದಿಲ್ಲ.

ಪ್ರಶ್ನೆ: ಪ್ರಾಣಿಯನ್ನು ದತ್ತು ಪಡೆದರೆ ಮನೆಗೆ ಕೊಡುತ್ತಾರೆಯೇ? ನನ್ನ ಮಗಳು ನವಿಲು ಬೇಕೆನ್ನುತ್ತಿದ್ದಾಳೆ.
– ಗೃಹಿಣಿ, ಕುವೆಂಪುನಗರ

ಉತ್ತರ: ಕೊಡುವುದಿಲ್ಲ ತಾಯಿ. ದತ್ತು ಎಂದರೆ ಗೊತ್ತಾದ ಅವಧಿಗೆ ಆ ಪ್ರಾಣಿಯ ಊಟೋಪಚಾರದ ವೆಚ್ಚ ವಹಿಸಿಕೊಳ್ಳುವುದು, ಅಷ್ಟೇ. ನವಿಲು ಅಲ್ಲೇ ಇರುತ್ತದೆ, ಮಗಳನ್ನು ಕರೆದುಕೊಂಡು ಹೋಗಿ ನೋಡಿಬನ್ನಿ. ಮಂಗಳವಾರ ಮಾತ್ರ ಹೋಗಬೇಡಿ, ವಾರದ ರಜೆ.