ಮುಂಬೈಯಲ್ಲಿ ಅರ್ಧ ದಿನದಲ್ಲಿ ಬಟ್ಟೆ ಖರೀದಿ: ಸೀರೆಯ ನಾಲ್ಕು ಎಳೆ ಜೊತೆಗಿರಲಿ

ಅಮ್ಮನ ಜೊತೆ ಮುಂಬೈಗೆ ಹೋಗುತ್ತಿದ್ದೀರಿ, ತಂಗಿಯ ಮದುವೆಗೆ ಬ್ಲೌಸ್ ಮತ್ತು ಕುರ್ತಾ ಬಟ್ಟೆ ತರಬೇಕು, ಕೈಯಲ್ಲಿ ಅರ್ಧ ದಿನ ಮಾತ್ರ ಇದೆ, ಎಲ್ಲಿಗೆ ಹೋಗಲಿ, ಮೋಸ ಹೋಗದೆ ಹೇಗೆ ಕೊಳ್ಳಲಿ ಎಂದು ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಅಕ್ಕ ಡೊಂಬಿವಲಿಯಲ್ಲಿ ಇರುವುದರಿಂದ ವರ್ಷಕ್ಕೊಮ್ಮೆ ಮುಂಬೈಗೆ ಹೋಗಿ ಬಟ್ಟೆ ತರುತ್ತೇನೆ.

ಅರ್ಧ ದಿನಕ್ಕೆ ಒಂದೇ ಜಾಗ ಸಾಕು, ಮಂಗಲದಾಸ್ ಮಾರ್ಕೆಟ್. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್ನಿನಲ್ಲಿ ಇಳಿದು ಕ್ರಾಫರ್ಡ್ ಮಾರ್ಕೆಟ್ ಕಡೆ ನಡೆಯಿರಿ. 1869ರಲ್ಲಿ ಕಟ್ಟಿದ ಆ ಹಳೇ ಕಲ್ಲಿನ ಕಟ್ಟಡ ಯಾರನ್ನು ಕೇಳಿದರೂ ತೋರಿಸುತ್ತಾರೆ. ಅಲ್ಲಿಂದ ಮಂಗಲದಾಸ್ ಹತ್ತಿರವೇ. ಭಾನುವಾರ ಮುಚ್ಚಿರುತ್ತದೆ, ಅದನ್ನು ನೋಡಿಕೊಂಡು ದಿನ ಗೊತ್ತು ಮಾಡಿಕೊಳ್ಳಿ. ಪಕ್ಕದ ಮೂಲ್ಜಿ ಜೇಠಾ ಮಾರ್ಕೆಟ್ ಹೋಲ್‌ಸೇಲ್ ವ್ಯಾಪಾರದ್ದು. ಎರಡು ಮೀಟರ್ ಬಟ್ಟೆಗಾಗಿ ಅಲ್ಲಿ ಸುತ್ತಬೇಡಿ.

ಮಂಗಲದಾಸ್ ಒಳಗೆ ಸಣ್ಣ ಸಣ್ಣ ಗಲ್ಲಿಗಳು. ಎರಡೂ ಕಡೆ ಅಂಗಡಿ, ಮೇಲಿನವರೆಗೆ ಬಟ್ಟೆಯ ಥಾನು, ಅಂದರೆ ಕತ್ತರಿಸದೆ ಸುತ್ತಿಟ್ಟ ಇಡೀ ಬಟ್ಟೆ. ಬನಾರಸಿ ಬ್ರೊಕೇಡ್, ಚಂದೇರಿ, ಇಕತ್, ಅಜ್ರಖ್, ಬ್ಲೌಸಿಗೆ ಟೂ ಬೈ ಟೂ ಅನ್ನುವ ಸಾದಾ ಬಟ್ಟೆ, ಲೈನಿಂಗ್ ಎಲ್ಲ ಒಂದೇ ಸೂರಿನಡಿ ಸಿಗುತ್ತದೆ. ನೋಡುತ್ತಾ ಹೋದರೆ ಮೂರು ಗಂಟೆ ಕಳೆದದ್ದೇ ಗೊತ್ತಾಗುವುದಿಲ್ಲ. ಅದಕ್ಕೇ ಹೇಳುವುದು, ಅರ್ಧ ಕೆಲಸ ಮನೆಯಲ್ಲೇ ಮುಗಿಸಿಕೊಂಡು ಹೋಗಿ.

ಮೊದಲನೆಯದು ಬಣ್ಣ. ಸೀರೆಯ ಫೋಟೊ ಮೊಬೈಲಿನಲ್ಲಿದೆ, ಸಾಕು ಅಂದುಕೊಳ್ಳಬೇಡಿ. ಫೋಟೊದ ಬಣ್ಣವೇ ಬೇರೆ. ಸೆರಗಿನ ತುದಿಯಲ್ಲಿ ಬಿಡಿ ಎಳೆಗಳಿರುತ್ತವಲ್ವಾ, ಅದರಲ್ಲಿ ನಾಲ್ಕು ಎಳೆ ಕತ್ತರಿಸಿ ಬಿಳಿ ಕಾಗದಕ್ಕೆ ಟೇಪು ಹಾಕಿ ಅಂಟಿಸಿ. ಅಂಚಿನ ಬಣ್ಣ ಬೇರೆ ಇದ್ದರೆ ಅಂಚಿನ ಕೊನೆಯಿಂದಲೂ ಒಂದೆರಡು ಎಳೆ ತೆಗೆಯಿರಿ. ಮೂರು ವರ್ಷದ ಹಿಂದೆ ಒಬ್ಬ ಗಿರಾಕಿಯ ಗಿಳಿಹಸಿರು ಅಂಚಿಗೆಂದು ನಾನು ಟ್ಯೂಬ್‌ಲೈಟಿನ ಕೆಳಗೆ ನೋಡಿ ಬ್ಲೌಸ್ ಬಟ್ಟೆ ತಂದೆ. ಮನೆಗೆ ಬಂದು ಅಂಗಳದ ಬಿಸಿಲಿಗೆ ಹಿಡಿದರೆ ಅದು ಪಾಚಿ ಬಣ್ಣ. ಮದುವೆಗೆ ಐದೇ ದಿನ ಉಳಿದಿತ್ತು. ಆ ಹುಡುಗಿಯ ಮುಖ ನನಗೆ ಇನ್ನೂ ನೆನಪಿದೆ. ಈಗ ಕತ್ತರಿಸುವ ಮುಂಚೆ ಥಾನಿನ ತುದಿಯನ್ನು ಬೆಳಕಿಗೆ ತಂದು ತೋರಿಸಿ ಎಂದು ಕೇಳಿಯೇ ಕೇಳುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ಎರಡನೆಯದು ಪನ್ನ, ಅಂದರೆ ಬಟ್ಟೆಯ ಅಗಲ. ಹೊಸಬರು ಸೋಲುವುದು ಇಲ್ಲೇ. ಎಲ್ಲರೂ ಮೀಟರಿಗೆ ಎಷ್ಟು ಅಂತ ಕೇಳುತ್ತಾರೆ, ಪನ್ನ ಎಷ್ಟು ಅಂತ ಕೇಳುವುದಿಲ್ಲ. ಒಂದು ಬಟ್ಟೆ 36 ಇಂಚು ಪನ್ನದ್ದು, ಮೀಟರಿಗೆ 150 ರೂಪಾಯಿ. ಇನ್ನೊಂದು 44 ಇಂಚು, 170 ರೂಪಾಯಿ ಅಂತ ಇಟ್ಟುಕೊಳ್ಳಿ. ಮೊದಲನೆಯದೇ ಅಗ್ಗ ಅನ್ನಿಸುತ್ತದೆ. ಆದರೆ ಮುಕ್ಕಾಲು ತೋಳಿನ ಕುರ್ತಾಗೆ 44 ಇಂಚಿನಲ್ಲಿ ಎರಡೂವರೆ ಮೀಟರ್ ಸಾಕು, 36 ಇಂಚಿನಲ್ಲಿ ಮೂರು ಮೀಟರ್ ಆದರೂ ಬೇಕು. ಲೆಕ್ಕ ಹಾಕಿ, 425 ಮತ್ತು 450. ಮೊಣಕೈ ತನಕ ತೋಳಿರುವ ಬ್ಲೌಸಿಗೆ 44 ಇಂಚಿನಲ್ಲಿ ಒಂದು ಮೀಟರ್ ತನ್ನಿ. ಅಮ್ಮನ ಮೈಕಟ್ಟು ಸ್ವಲ್ಪ ದಪ್ಪ ಇದ್ದರೆ ಇನ್ನೊಂದು ಕಾಲು ಮೀಟರ್ ಸೇರಿಸಿ. ನಿಮ್ಮ ಟೇಲರ್ ಹತ್ತಿರ ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಮೋಸದ ವಿಷಯ. ಪ್ಯೂರ್ ಸಿಲ್ಕ್, ಪ್ಯೂರ್ ಕಾಟನ್ ಎಂದು ಬರೀ ಬಾಯಲ್ಲಿ ಹೇಳಿದರೆ ನಂಬಬೇಡಿ. ಬೆಲೆ ಜಾಸ್ತಿ ಇರುವ ಬಟ್ಟೆಯಾದರೆ ತುದಿಯಿಂದ ಒಂದೆರಡು ಎಳೆ ಕೇಳಿ ತೆಗೆದುಕೊಂಡು ಹೊರಗೆ ಹೋಗಿ ಸುಟ್ಟು ನೋಡಿ. ಗಲ್ಲಿಯೊಳಗೆ ಬೆಂಕಿಕಡ್ಡಿ ಗೀರಲೇಬೇಡಿ, ಸುತ್ತಲೂ ಬಟ್ಟೆ. ಹತ್ತಿಯಾದರೆ ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಗಾಢ ಬಣ್ಣದ ಬಟ್ಟೆಗೆ ಇನ್ನೊಂದು ಪರೀಕ್ಷೆ. ಬಿಳಿ ಕರವಸ್ತ್ರದ ಮೂಲೆಯನ್ನು ಒದ್ದೆ ಮಾಡಿ ಉಜ್ಜಿ. ಕೆಂಪು, ನೀಲಿ ಹತ್ತಿದರೆ ಬೇರೆ ಬಣ್ಣದ ಬಟ್ಟೆಯ ಜೊತೆ ಸೇರಿಸಿ ಹೊಲಿಸಬೇಡಿ.

ಚೌಕಾಸಿ ಮಾಡಬಹುದು. ಒಂದೇ ಅಂಗಡಿಯಲ್ಲಿ ಮೂರು ನಾಲ್ಕು ಪೀಸು ತೆಗೆದುಕೊಂಡು ಕೊನೆಗೆ ಒಟ್ಟು ಮೊತ್ತದ ಮೇಲೆ ಕೇಳಿ, ಕಡಿಮೆ ಮಾಡುತ್ತಾರೆ. ಅಳೆಯುವಾಗ ಮಾತ್ರ ಮಾತಾಡದೆ ಕಬ್ಬಿಣದ ಗಜದ ಮೇಲೆ ಕಣ್ಣಿಡಿ. ಅವರು ಹೆಬ್ಬೆರಳಿಟ್ಟ ಗುರುತಿನಿಂದಲೇ ಮುಂದಿನ ಮೀಟರ್ ಶುರುವಾಗಬೇಕು. ಸಾದಾ ಕಾಟನ್ ಆದರೆ ಕತ್ತರಿಯಲ್ಲಿ ಅಂಚಿಗೆ ಒಂದು ಸಣ್ಣ ಕಚ್ಚು ಹಾಕಿ ಕೈಯಿಂದ ಹರಿದುಕೊಡಲು ಹೇಳಿ. ಹರಿದ ಅಂಚು ಎಳೆ ಹಿಡಿದು ನೇರ ಬರುತ್ತದೆ. ಸೊಟ್ಟ ಕತ್ತರಿಸಿದ ಪೀಸಿನಲ್ಲಿ ಎರಡು ಇಂಚು ನಮಗೆ ಸುಮ್ನೆ ಹೋಗುತ್ತದೆ.

ಖಣದ ಬ್ಲೌಸ್ ಬೇಕು ಅಂತ ತಂಗಿಗೆ ಆಸೆ ಇದ್ದರೆ ಅದನ್ನು ಮಾತ್ರ ಮುಂಬೈಯಿಂದ ತರಬೇಡಿ. ಅಲ್ಲಿ ಮೀಟರಿನಲ್ಲಿ ಅಳೆದು ಕೊಡುವ ಅಗಲ ಪನ್ನದ ಖಣ ಹೆಚ್ಚಾಗಿ ಪವರ್‌ಲೂಮಿನದು. ಕೈಮಗ್ಗದ ಖಣ ನಮ್ಮ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ್ದು. ಮೊದಲಿಂದಲೂ ಮಹಾರಾಷ್ಟ್ರಕ್ಕೆ ಹೋಗುತ್ತಿದ್ದದ್ದು ಇಲ್ಲಿಂದಲೇ. ಆ ಮಗ್ಗಗಳು ವರ್ಷ ವರ್ಷ ಕಡಿಮೆಯಾಗುತ್ತಿರುವುದು ನೋಡಿ ನನಗೆ ಸಂಕಟವಾಗುತ್ತದೆ. ಆ ದುಡ್ಡು ಅಲ್ಲಿನ ನೇಕಾರರಿಗೇ ಹೋಗಲಿ.

ಊರಿಗೆ ಬಂದ ಮೇಲೆ ಕಾಟನ್ ಬಟ್ಟೆ ಮತ್ತು ಲೈನಿಂಗ್ ಎರಡನ್ನೂ ಬೇರೆ ಬೇರೆ ಬಕೆಟ್ಟಿನಲ್ಲಿ ರಾತ್ರಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಟೇಲರಿಗೆ ಕೊಡಿ. ಹೊಲಿದ ಮೇಲೆ ಲೈನಿಂಗ್ ಕುಗ್ಗಿ ಬ್ಲೌಸ್ ಸುಕ್ಕುಗಟ್ಟಿದರೆ ಬಿಚ್ಚಿ ಹೊಲಿಯುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.